ಮೂರು ಏಟು, ಬಿಡುವು, ಒಂದು ಏಟು

ಆ ದಿನ ಬೆಳಿಗ್ಗೆಯೂ ನಾನು ಎದ್ದವಳೇ ಮೊದಲು ಹೀರೇಕಾಯಿಗಳನ್ನು ಮುಟ್ಟಿ ನೋಡಿದೆ. ಹಿತ್ತಲ ಕಿಟಕಿಯ ಸರಳಿಗೆ ದಾರ ಕಟ್ಟಿ ಏಳು ಹೀರೇಕಾಯಿ ತೂಗುಬಿಟ್ಟಿದ್ದೆ. ಅಲ್ಲಾಡಿಸಿದಾಗ ಒಳಗಿನ ಬೀಜ ಗಿಲಕಿಯ ಹಾಗೆ ಸದ್ದು ಮಾಡಿದರೆ ಕಾಯಿ ಒಣಗಿದೆ ಎಂದು ಅರ್ಥ. ಸಿಪ್ಪೆ ಸುಲಿದು, ನಾರನ್ನು ಹಸಿರು ಬಣ್ಣದಲ್ಲಿ ಅದ್ದಿ, ಕತ್ತರಿಯಿಂದ ಚೂರು ಮಾಡಿ ತಂತಿಗೆ ಅಂಟಿಸಿದರೆ ಬೆರಳುದ್ದದ ಬೇವಿನ ಮರ. ನನ್ನ ಕೆಲಸ ಅದು.

ಸ್ಟೋವಿಗೆ ಪಿನ್ನು ಹಾಕಿ ಚಹಾಕ್ಕೆ ಇಟ್ಟೆ. ರೊಟ್ಟಿ ಬಡಿಯಲು ಕೂತೆ. ನಮ್ಮವರು ರೈಲ್ವೆಯ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತರು. ಎಂಟೂವರೆಗೆ ಅವರ ಡಬ್ಬಿ ತಯಾರಿರಬೇಕು. ಬಾಗಿಲ ಹತ್ತಿರ ಬೂಟಿಗೆ ಪಾಲಿಶ್ ತಿಕ್ಕುತ್ತ ಕೂತಿದ್ದವರು ತಲೆ ಎತ್ತಿದರು.

"ಸುಶೀಲಾ, ಇವತ್ತರೆ ರೊಟ್ಟಿ ಸೀದಾ ಬಡಿ. ನಿನ್ನ ಆ ಪರದೇಶಿ ತಾಳ ಹಿಡದಾಗಿಂದ ಒಂದ ಕಡೆ ದಪ್ಪ, ಒಂದ ಕಡೆ ಹಪ್ಪಳ."

ನಾನು ನಕ್ಕೆ. ಅವರು ಹೇಳಿದ್ದು ಸುಳ್ಳಲ್ಲ. ನನ್ನ ಬಲಗೈ ಹಿಟ್ಟಿನ ಮೇಲೆ ಸಾಂಬಾ ಎಂಬ ಆ ತಾಳವನ್ನೇ ಬಡಿಯುತ್ತಿತ್ತು. ಅದು ನನಗೇ ಗೊತ್ತಾಗದಷ್ಟು ರೂಢಿಯಾಗಿತ್ತು.

ನಲ್ಲಿಯ ಹತ್ತಿರ ಪಕ್ಕದ ಮನೆಯ ಜುಬೇದಾಬಿ ಕೊಡ ತೊಳೆಯುತ್ತಿದ್ದಳು. ಅವಳ ಗಂಡ ಕಾಸೀಮ ಡಬ್ಬಿಗಳಿಗೆ ಬೆಸುಗೆ ಹಾಕುವ ತಗಡಿನ ಕೆಲಸದವನು. "ಏನ್ರಿ ಬಾಯಾರ, ಇವತ್ತ ದೊಡ್ಡ ಸಾಹೇಬ್ರು ಬರ್ತಾರಂತಲ್ರಿ, ನಿಮ್ಮ ಆಟಿಗಿ ಗಾಡಿ ನೋಡಾಕ?" ಎಂದಳು. ಹೌದು ಎಂದೆ. "ಮತ್ತ ಆ ನೀಲಿ ಸೀರಿ ಉಟಗೊಂಡು ಹೋಗ್ರಿ. ಈ ಸೀರ್ಯಾಗ ನೀವು ಬ್ಯಾನಿ ಬಿದ್ದವರಂಗ ಕಾಣ್ತೀರಿ."

ನೀಲಿ ಸೀರೆಯನ್ನೇ ಉಟ್ಟೆ.

ಈಗ ಮಾದರಿ ತಯಾರಿಸುವ ಕೆಲಸಕ್ಕೆ ಡಿಪ್ಲೊಮಾ ಮಾಡಿದ ಹುಡುಗಿಯರು ಬರುತ್ತಾರೆ. ಅವರಲ್ಲಿ ಇಬ್ಬರು ಮೊನ್ನೆ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದುಕೊಡಿ ಎಂದರು. ನನ್ನ ಕೆಲಸಕ್ಕೆ ಮುಂದೆ ಒಂದೊಂದು ಹೆಸರು, ಒಂದೊಂದು ದರ್ಜೆ ಬಂತು, ಅದನ್ನೆಲ್ಲ ಬಿಡುತ್ತೇನೆ. ಆ ನೀಲಿ ಸೀರೆಯ ದಿನ ಏನಾಯಿತು ಎನ್ನುವುದು ತಿಳಿದರೆ ಸಾಕು. ಆದರೆ ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಬ್ಬಳ್ಳಿಯಲ್ಲಿ ನಮ್ಮ ಚಾಳಿನಿಂದ ಹತ್ತು ನಿಮಿಷ ನಡೆದರೆ ಹಂಚಿನ ಒಂದು ಉದ್ದ ಕೋಣೆ. ಅಲ್ಲಿ ಹೊಸದಾಗಿ ಸೇರಿದ ಸ್ಟೇಶನ್ ಸಿಬ್ಬಂದಿಗೆ ಪಾಠ. ಖರೇ ಗಾಡಿಯ ಮೇಲೆ ತಪ್ಪು ಮಾಡಿದರೆ ಜನ ಸಾಯುತ್ತಾರಲ್ಲ, ಅದಕ್ಕೆ ತಪ್ಪು ಮಾಡಲು ಒಂದು ಸಣ್ಣ ರೈಲು. ಕೋಣೆಯುದ್ದಕ್ಕೂ ಸಾಗವಾನಿ ಹಲಗೆಯ ಮೇಜು, ಅದರ ಮೇಲೆ ಹಳಿ, ಎರಡು ತುದಿಗೆ ಎರಡು ಪುಟ್ಟ ನಿಲ್ದಾಣ. ಒಂದರ ಹೆಸರು ಮೇಲಿನಹಾಳ, ಇನ್ನೊಂದರದು ಕೆಳಗಿನಹಾಳ. ನಡುವೆ ಒಂದು ಪರದೆ. ಒಂದು ನಿಲ್ದಾಣದವನಿಗೆ ಇನ್ನೊಂದು ಕಾಣಬಾರದು. ಇಲ್ಲಿ ಕೀಲಿ ಒತ್ತಿದರೆ ಅಲ್ಲಿ ಗಂಟೆ ಬಡಿಯುತ್ತದೆ, ಆ ಏಟಿನಲ್ಲೇ ಮಾತಾಡಬೇಕು.

ಆ ಕೋಣೆಯ ಯಜಮಾನರು ಮಿಂಗೇಲ್ ಮಾಸ್ತರರು. ಗೋವೆಯ ಕಡೆಯವರು. ಹರೆಯದಲ್ಲಿ ಹಡಗಿನ ಬೆಂಕಿಮನೆಯ ಕೆಲಸಕ್ಕೆ ಹೋಗಿ ಬ್ರೆಜಿಲ್ಲಿನಲ್ಲಿ ಇಳಿದು, ಆರು ವರ್ಷ ಅಲ್ಲಿನ ಬಂದರಿನಲ್ಲಿ ದುಡಿದು ಬಂದವರು. ಆಮೇಲೆ ಹದಿನೈದು ವರ್ಷ ಬಾಯ್ಲರಿಗೆ ರಿವೆಟ್ ಬಡಿದವರು. ಆ ಪುಟ್ಟ ಹಿತ್ತಾಳೆಯ ಇಂಜಿನ್ನನ್ನು ಹಳೆಯ ದೀಪಗಳ ಬುಡ್ಡಿ ಕತ್ತರಿಸಿ ತಾವೇ ಮಾಡಿದ್ದರು. ಅವರಿಗೆ ನಿಲ್ದಾಣದ ಫಲಕ ಬರೆಯಲು ಚೆಂದದ ಅಕ್ಷರದವರು ಬೇಕಿದ್ದರು. ನಮ್ಮವರು ನನ್ನ ಹೆಸರು ಹೇಳಿದರು. ಕಾನ್ವೆಂಟಿನ ಸಿಸ್ಟರುಗಳು ನನಗೆ ಮೂರು ವಿದ್ಯೆ ಕಲಿಸಿದ್ದರು: ಸಣ್ಣ ಅಕ್ಷರ, ಸಣ್ಣ ಹೊಲಿಗೆ, ಸಣ್ಣ ದನಿ. ಮೊದಲೆರಡರಿಂದ ಕೆಲಸ ಸಿಕ್ಕಿತು.

ಮೊದಲ ವರ್ಷ ನಾನು ಮಾಡಿದ ತಪ್ಪುಗಳನ್ನು ಹೇಳಿದರೆ ನಿಮಗೆ ಧೈರ್ಯ ಬಂದೀತು. ಹಳಿಯ ಕೆಳಗೆ ಜಲ್ಲಿ ಬೇಕಿತ್ತು. ಕಲ್ಲನ್ನು ಎಷ್ಟು ಕುಟ್ಟಿದರೂ ಅಳತೆಗೆ ದೊಡ್ಡದೇ. ಅಡುಗೆಮನೆಯವಳ ಬುದ್ಧಿ ನೋಡಿ, ಜೋಳದ ನುಚ್ಚನ್ನು ಜರಡಿ ಹಿಡಿದು, ಬೂದು ಬಣ್ಣ ಹಚ್ಚಿ ಅಂಟಿಸಿದೆ. ಎಷ್ಟು ಚೆಂದ ಕಂಡಿತು! ಸೋಮವಾರ ಬಾಗಿಲು ತೆಗೆದರೆ ಕೆಳಗಿನಹಾಳದಿಂದ ಗೋಡೆಯವರೆಗೆ ಇರುವೆಯ ಸಾಲು. ಒಂದೊಂದರ ತಲೆಯ ಮೇಲೂ ಒಂದೊಂದು ಜಲ್ಲಿ. ಮಾಸ್ತರರು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ಬಾಯಿ, ಲೈನ್ ಕಿತ್ತೊಯ್ಯೋ ಕಳ್ಳರ್ನ ನಾ ಭಾಳ ಕಂಡೇನಿ. ಇಷ್ಟು ಶಿಸ್ತಿನವರ್ನ ಕಂಡಿಲ್ಲ."

ಇನ್ನೊಂದು ಸಲ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಲು ಹೆಂಗಸರ ಗೊಂಬೆ ಮಾಡಿ ಗರಗದ ಖಾದಿಯ ಸೀರೆ ಉಡಿಸಿದೆ. ಆ ದಪ್ಪ ನೂಲು ಅಷ್ಟು ಸಣ್ಣ ಮೈಮೇಲೆ ಕೂರುತ್ತದೆಯೇ? ಒಬ್ಬೊಬ್ಬಳೂ ಡೇರೆಯ ಹಾಗೆ ನಿಂತಳು. ಬಟ್ಟೆಯ ನೂಲಿಗೂ ಅಳತೆ ಇರುತ್ತದೆ ಎಂದು ಕಲಿತದ್ದು ಆಗ. ಈಗಿನವರು ಇದನ್ನು ಪುಸ್ತಕದಲ್ಲಿ ಓದುತ್ತಾರಂತೆ. ಒಳ್ಳೆಯದೇ.

ಮಾಸ್ತರರಲ್ಲಿ ಒಂದು ಅಭ್ಯಾಸವಿತ್ತು. ಮಾತಾಡುವವರ ಬಾಯಿಯನ್ನೇ ನೋಡುತ್ತಿದ್ದರು. ಮೊದಮೊದಲು ನನಗೆ ಮುಜುಗರವಾಗಿ ಸೆರಗು ಎಳೆದುಕೊಳ್ಳುತ್ತಿದ್ದೆ. ಪಾಠದ ಹೊತ್ತಿಗೆ ತಪ್ಪದೆ ಮೇಜಿನ ಹತ್ತಿರ ಸ್ಟೂಲು ಹಾಕಿಕೊಂಡು, ಬಲ ಅಂಗೈಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕೂರುತ್ತಿದ್ದರು. ಗಂಟೆ ತಪ್ಪು ಬಿದ್ದರೆ ತೋರುಬೆರಳು ಮೇಲೇಳುತ್ತಿತ್ತು. ಅಷ್ಟೇ. ಆ ಬೆರಳು ಎದ್ದರೆ ಎಲ್ಲ ಗಾಡಿ ನಿಲ್ಲಬೇಕು.

ಒಂದು ದಿನ ನಾನು ಎರಡೂ ನಿಲ್ದಾಣದ ಹಿತ್ತಾಳೆಯ ಗಂಟೆಬಟ್ಟಲು ಬಿಚ್ಚಿ ಹುಣಸೆಹಣ್ಣು ಹಚ್ಚಿ ಹಿಂದಿನ ಬಚ್ಚಲಿನಲ್ಲಿ ತಿಕ್ಕುತ್ತಿದ್ದೆ. ಬಟ್ಟಲು ಹಿಡಿದು ಒಳಗೆ ಬಂದರೆ ಪಾಠ ಶುರುವಾಗಿಬಿಟ್ಟಿದೆ. ಬಸಪ್ಪ ಎಂಬ ಕಲಿಯುವವನು ಕೀಲಿ ಒತ್ತಿದ. ಅಮ್ಮಿನಬಾವಿ ಊರಿನವನು, ಎತ್ತರದ ಆಳು. ಬಟ್ಟಲೇ ಇಲ್ಲದ ಗಂಟೆ ಹೇಗೆ ಬಡಿದೀತು? ಸುತ್ತಿಗೆ ಕಟ್ಟಿಗೆಗೆ ಮೆಲ್ಲಗೆ ತಗಲಿತು, ಗೆದ್ದಲು ಕಡಿದಷ್ಟು ಸದ್ದು. ಬಸಪ್ಪ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದ. ಮಾಸ್ತರರು ಮಾತ್ರ ಅಂಗೈ ಹಲಗೆಯ ಮೇಲಿಟ್ಟು, "ನಾಲ್ಕು. ಬರೋಬ್ಬರಿ. ಮುಂದ ನಡಿ," ಎಂದರು.

ನನ್ನ ಕೈಯಲ್ಲಿದ್ದ ಎರಡು ಬಟ್ಟಲುಗಳನ್ನು ಸೆರಗಿನಡಿ ಮುಚ್ಚಿಕೊಂಡೆ. ಬಾಯ್ಲರಿನ ರಿವೆಟ್ಟುಗಳು ಆ ಮನುಷ್ಯನ ಕಿವಿಯಿಂದ ಎತ್ತರದ ಸ್ವರಗಳನ್ನೆಲ್ಲ ತಿಂದುಬಿಟ್ಟಿದ್ದವು. ಗಂಟೆಯ ನಾದ ಅವರಿಗೆ ಇರಲೇ ಇಲ್ಲ. ಇದ್ದದ್ದು ಹಲಗೆಯ ನಡುಕ. ಗಂಟೆ ಕೇಳದವನನ್ನು ಗಂಟೆಯ ಮಾಸ್ತರನಾಗಿ ಯಾರು ಇಟ್ಟುಕೊಳ್ಳುತ್ತಾರೆ? ನಾನು ಯಾರಿಗೂ ಹೇಳಲಿಲ್ಲ. ಬಸಪ್ಪನೂ ಹೇಳಲಿಲ್ಲ. ಅಂದಿನಿಂದ ಸ್ಟೂಲು ಮೇಜಿಗೆ ತಾಗಿಯೇ ಇರುವಂತೆ ದಿನಾ ಬೆಳಿಗ್ಗೆ ನಾನೇ ಎಳೆದಿಡುತ್ತಿದ್ದೆ.

ಸಾಂಬಾ ಬಂದದ್ದು ಈ ಪಾಠದ ಮೂಲಕವೇ. ನಮ್ಮ ಕೋಣೆಯ ಕಟ್ಟಳೆ ಹೀಗಿತ್ತು: ನಾಲ್ಕು ಏಟು ಒಟ್ಟಿಗೆ ಬಿದ್ದರೆ 'ದಾರಿ ಖಾಲಿ, ಕಳಿಸು'. ಮೂರು ಏಟು, ಒಂದು ಉಸಿರಿನಷ್ಟು ಬಿಡುವು, ಮತ್ತೊಂದು ಏಟು ಎಂದರೆ 'ಇಲ್ಲಿ ಗಾಡಿ ನಿಂತಿದೆ, ಕಳಿಸಬೇಡ'. ಏಟು ಎರಡರಲ್ಲೂ ನಾಲ್ಕೇ. ಜೀವ ಇರುವುದು ಬಿಡುವಿನಲ್ಲಿ. ಹೊಸಬರಿಗೆ ಅದೇ ಹಿಡಿಯುತ್ತಿರಲಿಲ್ಲ. ಅವಸರಕ್ಕೆ ಬಿಡುವನ್ನು ನುಂಗಿಬಿಡುತ್ತಿದ್ದರು. ಒಂದು ಮಧ್ಯಾಹ್ನ ಮಾಸ್ತರರು ಸಿಟ್ಟಿನಿಂದ ಎದ್ದು, ಖಾಲಿ ಎಣ್ಣೆ ಡಬ್ಬಿ ಮಗುಚಿ, ಬ್ರೆಜಿಲ್ಲಿನ ಬಂದರಿನಲ್ಲಿ ಕಲಿತದ್ದನ್ನು ಬಾರಿಸತೊಡಗಿದರು. ನಾವು ಬಾಯಿ ತೆರೆದು ಕೂತೆವು. ಆ ದಪ್ಪ ಸ್ವರ ಅವರಿಗೆ ಕೇಳುತ್ತಿತ್ತು, ಅದಕ್ಕೇ ಆ ಮುಖದಲ್ಲಿ ಅಷ್ಟು ಸುಖ. ಅದು ನನಗೂ ಬಸಪ್ಪನಿಗೂ ಮಾತ್ರ ತಿಳಿದಿತ್ತು.

"ದೊಡ್ಡ ಡೋಲು ಕೇಳ್ತೈತಿ, ಎರಡನೇದು ಉತ್ತರ ಕೊಡ್ತೈತಿ," ಎಂದರು. "ನಡುವ ಏನೈತಿ? ಜಾಗಾ ಐತಿ. ಆ ಜಾಗಾ ಕಾಯೋದು ಕಲೀರಿ. ಗಂಟಿ ತಾನ ಬರ್ತದ."

ಅವರ ಪಾಠದ ಹೊಸ ವಿಧಾನ ಅದಾಯಿತು. ಚಹಾದ ಹೊತ್ತಿಗೆ ದಿನಾ ಕಾಲು ತಾಸು ಸಾಂಬಾ. ಊರಲ್ಲಿ ಹೋಳಿ ಹಬ್ಬಕ್ಕೆ ಜಗ್ಗಲಗಿ ಎಂಬ ದೊಡ್ಡ ಚರ್ಮವಾದ್ಯ ಬಾರಿಸುತ್ತಿದ್ದ ಬಸಪ್ಪನಿಗೆ ದೊಡ್ಡ ಡೋಲು ಒಲಿಯಿತು. ಅಕ್ಕಿ ತುಂಬಿ ಅಲ್ಲಾಡಿಸುವ ತಗಡಿನ ಕೊಳವೆಗೆ ಬ್ರೆಜಿಲ್ಲಿನಲ್ಲಿ 'ಗಾಂಜಾ' ಎನ್ನುತ್ತಾರಂತೆ. "ಮಾಸ್ತರ, ಹೆಸರ ಮೆಲ್ಲಕ ಹೇಳ್ರಿ, ಹೊರಗ ಪೊಲೀಸಪ್ಪ ಚಹಾ ಕುಡ್ಯಾಕತ್ತಾನ," ಎಂದ ಬಸಪ್ಪ. ನನಗೆ ಸಿಕ್ಕಿದ್ದು ಅಂಗೈಯಗಲದ ಚಿಕ್ಕ ವಾದ್ಯ, ತಾಂಬೊರಿಂ. ಕಾಸೀಮ ಒಂದು ಬಿಸ್ಕತ್ತಿನ ಡಬ್ಬಿ ಕತ್ತರಿಸಿ, ಅಂಚು ಮಡಿಸಿ, ಮೇಕೆ ಚರ್ಮ ಬಿಗಿದು ಕೊಟ್ಟ. ಅದನ್ನು ಮನೆಗೆ ತಂದು ಸಂಜೆ ದೀಪ ಹಚ್ಚಿದ ಮೇಲೆ ಕಟ್ಟೆಯ ಮೇಲೆ ಕೂತು ಕಲಿಯುತ್ತಿದ್ದೆ. ಚಾಳಿನವರೆಲ್ಲ ನಕ್ಕರು. ನಮ್ಮವರ ರೊಟ್ಟಿಯ ದೂರು ಹೇಳಿದಾಗ ಮಾಸ್ತರರೂ ನಕ್ಕರು. ನಮ್ಮ ಅತ್ತೆಯವರು ಧಾರವಾಡದಿಂದ ಬಂದವರು ಒಂದು ಸಂಜೆ ಕೇಳಿ, "ಕಾನ್ವೆಂಟ್ನ್ಯಾಗ ಇದನ್ನ ಕಲಿಸ್ತಾರೇನವಾ?" ಎಂದು ಮರುದಿನದ ಬಸ್ಸಿಗೇ ಹೋದರು. ನಾನು ಬಿಡಲಿಲ್ಲ. ಸಣ್ಣ ದನಿಯವಳಿಗೆ ಮೊದಲ ಸಲ ಒಂದು ದೊಡ್ಡ ಸದ್ದು ಸಿಕ್ಕಿತ್ತು.

ದೊಡ್ಡ ಡೋಲಿನವರು ಜಾಗ ಕಾಯುತ್ತಾರೆ. ತಾಂಬೊರಿಂನದು ಹಾಗಲ್ಲ. ಅದರ ಏಟು ತನ್ನ ಜಾಗಕ್ಕೆ ಕೂದಲೆಳೆಯಷ್ಟು ಮೊದಲೇ ಬಂದು ಬಾಗಿಲು ತಟ್ಟಬೇಕು. ಅದರ ರುಚಿಯೇ ಅದು. ಅದು ನನ್ನ ಕೈಗೆ ಕೂತ ದಿನ ಮಾಸ್ತರರು ನನ್ನ ಮಣಿಕಟ್ಟನ್ನೇ ನೋಡುತ್ತ ತಲೆದೂಗಿದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಬಾಯಿ, ಈ ಏಟು ಡೋಲಿನ್ಯಾಗ ಇರ್ಲಿ. ಮೇಜಿನ ಮ್ಯಾಲ ತರಬ್ಯಾಡ್ರಿ."

ಆ ಮಾತು ನೆನಪಿಟ್ಟುಕೊಳ್ಳಿ.

ನೀಲಿ ಸೀರೆಯ ದಿನಕ್ಕೆ ಬರುತ್ತೇನೆ. ಸಾಹೇಬರು ಹತ್ತೂವರೆಗೆ ಬಂದರು. ಕೆಟ್ಟವರಲ್ಲ. ಬಿಳಿ ಕೂದಲಿನ, ಮೆಲುಮಾತಿನ ಮನುಷ್ಯ. ಮರಗಳನ್ನು ನೋಡಿ ಹೀರೇಕಾಯಿ ಎಂದು ತಿಳಿದು ಮಗುವಿನಂತೆ ಬೆರಗಾದರು. ಬಸಪ್ಪನದು ಅಂದು ಪರೀಕ್ಷೆ. ತೇರ್ಗಡೆಯಾದರೆ ನಿಲ್ದಾಣದಲ್ಲಿ ಕಾಯಂ ಕೆಲಸ. ಅವನು ಮೇಲಿನಹಾಳದಲ್ಲಿ ನಿಂತ. ಪರದೆಯ ಈಚೆ, ಕೆಳಗಿನಹಾಳದ ಗಂಟೆಯ ಮುಂದೆ ನಾನು ಕೂತೆ. ಅಭ್ಯಾಸದ ದಿನಗಳಲ್ಲೂ ಅಲ್ಲಿ ನಾನೇ ಕೂರುತ್ತಿದ್ದೆ. ಮಾಸ್ತರರು ಸ್ಟೂಲಿನ ಕಡೆ ಹೋಗುತ್ತಿದ್ದಂತೆ ಸಾಹೇಬರು ತಡೆದರು.

"ಮಾಸ್ತರೇ, ನೀವು ಇವತ್ತು ಕಿಟಕಿಯ ಹತ್ತಿರ ನಿಲ್ಲಿ. ನಿಮ್ಮ ಬೆರಳು ನೋಡಿ ಅವನು ಉತ್ತರ ಹೇಳಬಾರದು."

ನಾನು ಎಳೆದಿಟ್ಟಿದ್ದ ಸ್ಟೂಲು ಖಾಲಿಯಾಗಿ ಉಳಿಯಿತು.

ಕೆಳಗಿನಹಾಳದಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಬಸಪ್ಪ ಆ ಕಡೆಯಿಂದ ಪ್ಯಾಸೆಂಜರ್ ಕಳಿಸಲೇ ಎಂದು ಕೇಳಿದ. ನಾನು ಕೊಡಬೇಕಾದದ್ದು ಮೂರು ಏಟು, ಬಿಡುವು, ಒಂದು ಏಟು. ನಿದ್ದೆಯಲ್ಲೂ ಕೊಡಬಲ್ಲೆ. ಕೀಲಿಯ ಮೇಲೆ ಕೈಯಿಟ್ಟೆ. ಅದೇ ಗಳಿಗೆಗೆ ಸಾಹೇಬರು ನನ್ನ ಫಲಕದ ಮೇಲೆ ಬಾಗಿ, "ಎಂಥ ಅಕ್ಷರ! ಕಾನ್ವೆಂಟೇ?" ಎಂದರು. ನನಗೆ ಹಿಗ್ಗಾಯಿತು. ಮನಸ್ಸು ಅವರ ಕಡೆ ಹೋಯಿತು, ಕೈ ತನ್ನ ಪಾಡಿಗೆ ಹೋಯಿತು. ಒಂದು, ಎರಡು, ಮೂರು. ನಾಲ್ಕನೆಯದು ತನ್ನ ಜಾಗಕ್ಕೆ ಮೊದಲೇ ಬಂದು ಬಾಗಿಲು ತಟ್ಟಿತು.

ಬೆರಳು ಏಳುತ್ತದೆ ಎಂದು ಕಿಟಕಿಯ ಕಡೆ ನೋಡಿದೆ. ಬೆರಳು ಏಳಲಿಲ್ಲ.

ಪರದೆ ಅಲುಗಿತು. ಹಿತ್ತಾಳೆಯ ಇಂಜಿನ್ ಬಂದು ಗೂಡ್ಸಿಗೆ ಬಡಿದು, ನನ್ನ ಎರಡು ಬೇವಿನ ಮರಗಳನ್ನು ಕೆಡವಿ, ಮೇಜಿನ ಅಂಚಿನಿಂದ ಕೆಳಗೆ ಬಿತ್ತು. ಚಕ್ರ ಕಳಚಿ ಗೋಡೆಯವರೆಗೆ ಉರುಳಿತು.

ಸಾಹೇಬರು ಪರದೆ ಸರಿಸಿದರು. "ಏನು ಕೇಳಿದೆಯಪ್ಪಾ?"

"ನಾಲ್ಕರಿ. ಒಟ್ಟಿಗಿ ನಾಲ್ಕು," ಎಂದ ಬಸಪ್ಪ.

"ನೀವು ಏನು ಬಾರಿಸಿದಿರಿ, ಅಮ್ಮಾ?"

"ಮೂರು... ಒಂದು," ಎಂದೆ.

ಅಷ್ಟೇ ಹೇಳಿದ್ದು. ಬಿಡುವು ಕೊಟ್ಟೆನೋ ಇಲ್ಲವೋ ಎನ್ನಲಿಲ್ಲ. ಸಿಸ್ಟರುಗಳ ಮುಂದೆ ನಿಂತಿದ್ದರೂ ಅದು ಸುಳ್ಳೆಂದು ಯಾರೂ ಸಾಧಿಸಲಾರರು, ಹಾಗೆ ಹೇಳಿದೆ. ನನ್ನ ತಪ್ಪು ಒಪ್ಪಿದ್ದರೆ ಏನಾಗುತ್ತಿತ್ತು? ದಿನಗೂಲಿಯವಳು, ನಾಳೆಯಿಂದ ಬರಬೇಡಿ ಎನ್ನುತ್ತಿದ್ದರು. ಮನೆಯಲ್ಲಿ ಕೂರುತ್ತಿದ್ದೆ. ಅದೇ ನನಗೆ ಹೆದರಿಕೆ. ಆ ಹಂಚಿನ ಕೋಣೆ ಬಿಟ್ಟರೆ ನನಗೆ ನನ್ನದೆಂದು ಬೇರೇನೂ ಇರಲಿಲ್ಲ.

ಸಾಹೇಬರು ಕಿಟಕಿಯ ಕಡೆ ತಿರುಗಿದರು. "ಮಾಸ್ತರೇ, ನೀವೇ ಹೇಳಿ. ನಾನು ಗಮನ ಕೊಡಲಿಲ್ಲ. ಬಿಡುವು ಇತ್ತೇ, ಇರಲಿಲ್ಲವೇ?"

ಇತ್ತು ಎಂದರೆ ಬಸಪ್ಪ ಹೋಗುತ್ತಾನೆ. ಇರಲಿಲ್ಲ ಎಂದರೆ ನಾನು. ಮಾಸ್ತರರು ನನ್ನ ಮುಖ ನೋಡಲಿಲ್ಲ, ನನ್ನ ಬಲಗೈ ನೋಡಿದರು. ಕಿಟಕಿಯ ಕಟ್ಟೆಯ ಮೇಲಿದ್ದ ಅವರ ಬೆರಳುಗಳು ಸದ್ದಿಲ್ಲದೆ ಆಡಿದವು. ಒಂದು, ಎರಡು, ಮೂರು, ಆ ಅವಸರದ ನಾಲ್ಕನೆಯದು. ನಾನು ಬಾರಿಸಿದ್ದನ್ನೇ, ಇದ್ದದ್ದು ಇದ್ದ ಹಾಗೇ. ಕೇಳದಿದ್ದರೂ ಅಷ್ಟು ದೂರದಿಂದ ನನ್ನ ಮಣಿಕಟ್ಟನ್ನು ಓದಿದ್ದರು, ಬೆರಳು ಎತ್ತದಿದ್ದುದು ಸಾಹೇಬರ ಅಪ್ಪಣೆಗೆ. ಕಲಿಸಿದವರು ಅವರೇ ಅಲ್ಲವೇ? ಆಮೇಲೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ನನಗ ಕೇಳ್ಸಲಿಲ್ರಿ ಸಾಹೇಬ್ರ."

"ಕೇಳಿಸಲಿಲ್ಲ ಎಂದರೆ?"

"ಗಂಟಿ ಕೇಳ್ಸೂದಿಲ್ರಿ ನನಗ. ಇವತ್ತಷ್ಟ ಅಲ್ಲ, ಭಾಳ ವರ್ಷಾತು. ಹುಡುಗಂದೂ ತಪ್ಪಲ್ಲ, ಬಾಯೀದೂ ಅಲ್ಲ. ಕಿವುಡನ ಕೈಯಾಗ ಗಂಟಿ ಕಲ್ತವರು ಅವರು."

ಸಾಹೇಬರು ನಂಬಲಿಲ್ಲ. ಮಾಸ್ತರರನ್ನು ಹೊರಗೆ ಮುಖ ಮಾಡಿ ನಿಲ್ಲಿಸಿ, ತಾವೇ ಬಂದು ನನ್ನ ಪಕ್ಕದ ಕೀಲಿ ಒತ್ತಿದರು. ನಾನು ತಿಕ್ಕಿ ಹೊಳೆಸಿದ ಬಟ್ಟಲು ಕೋಣೆ ತುಂಬ ಮೊಳಗಿತು. ಮಾಸ್ತರರ ಬೆನ್ನು ಕದಲಲಿಲ್ಲ. ಹೊರಗೆ ತಂತಿಯ ಮೇಲೊಂದು ಕಾಗೆ ಕೂತಿತ್ತು. ಗಂಟೆಗೆ ಬೆಚ್ಚಿ ಅದು ಹಾರಿತು. ಅವರು ಅದು ಯಾಕೆ ಹಾರಿತೆಂದು ನೋಡುತ್ತ ನಿಂತಿದ್ದರು.

"ಸಾಕು," ಎಂದರು ಸಾಹೇಬರು, ಬಹಳ ಮೆಲ್ಲಗೆ.

ಬಸಪ್ಪನಿಗೆ ಮರುಪರೀಕ್ಷೆ ಆಯಿತು, ತೇರ್ಗಡೆಯಾದ. ಮಾಸ್ತರರನ್ನು ತಿಂಗಳೊಳಗೆ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಕಿಟಕಿಯ ಹಿಂದೆ ಕೂತು, ಬಂದವರಿಗೆ ಎಣ್ಣೆ ಒರೆಸುವ ಹತ್ತಿ ಚಿಂದಿ ಕೊಡುವ ಕೆಲಸ. ಮಾದರಿ ಕೋಣೆಗೆ ಬೇರೆಯವರು ಬಂದರು. ಸಾಂಬಾ ನಿಂತಿತು, ಗೋಡೆಗೆ ಅಚ್ಚಿನ ಪಟ ಬಂತು. ಮುಂದೆ ಗಂಟೆ ಹೋಗಿ ವಿದ್ಯುತ್ತಿನ ಗುಂಯ್‌ಗುಟ್ಟುವ ಪೆಟ್ಟಿಗೆ ಬಂತು. ಅದು ಹಲಗೆಯನ್ನು ಎಷ್ಟು ನಡುಗಿಸುತ್ತಿತ್ತೆಂದರೆ ಅದು ಮೊದಲೇ ಬಂದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನು ಅದೇ ಕೋಣೆಯಲ್ಲಿ ನಿವೃತ್ತಿಯವರೆಗೂ ಉಳಿದೆ. ಮರ ಮಾಡಿದೆ, ಮನೆ ಮಾಡಿದೆ, ಎರಡು ಇಂಚಿನ ಸೇತುವೆ ಮಾಡಿದೆ. ಆ ಹಿತ್ತಾಳೆಯ ಇಂಜಿನ್ನಿನ ಚಕ್ರವನ್ನು ಮಾತ್ರ ಮತ್ತೆ ಕೂರಿಸಲಾಗಲಿಲ್ಲ.

ಒಂದು ಸಲ ಹೇಳಲು ಹೋದೆ. ಉಗ್ರಾಣದ ಕಿಟಕಿಗೆ ಚಹಾ ಒಯ್ದು ಕೊಟ್ಟು, "ಮಾಸ್ತರ, ತಪ್ಪು ನಂದ ಇತ್ತು. ಅವತ್ತ ನಾ ಬಾಯಿ ಬಿಡಬೇಕಿತ್ತು," ಎಂದೆ. ಅಳು ಬಂದಿತ್ತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದೆ. ಅವರು ನನ್ನ ಸೆರಗನ್ನೇ ನೋಡುತ್ತಿದ್ದರು.

"ಏನಂದ್ರಿ ಬಾಯಿ?"

ಸೆರಗು ತೆಗೆದೆ. ತೆಗೆದ ಮೇಲೆ ಧೈರ್ಯ ಉಳಿದಿರಲಿಲ್ಲ. "ಏನಿಲ್ರಿ, ಚಹಾ ಆರ್ತೈತಿ ಅಂದೆ."

"ಕುಡೀತೇನ್ರಿ. ರೊಟ್ಟಿ ಹ್ಯಾಂಗ ಬರಾಕತ್ತಾವ ಈಗ? ಸೀದಾ?"

ಸೀದಾ ಬರುತ್ತಿವೆ ಎಂದೆ. ಆಮೇಲೆ ಅವರು ಗೋವೆಯ ತಂಗಿಯ ಮನೆಗೆ ಹೋದರೆಂದು ಕೇಳಿದೆ. ಅಷ್ಟೇ ಸುದ್ದಿ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಸ್ವಲ್ಪವೇ. ಜಲ್ಲಿಗೆ ಜೋಳ ಬೇಡ. ಸೀರೆಗೆ ದಪ್ಪ ನೂಲು ಬೇಡ. ಮತ್ತೆ, ಯಾರಾದರೂ ಏನು ಬಾರಿಸಿದಿರಿ ಎಂದು ಕೇಳಿದರೆ, ಬಿಡುವನ್ನೂ ಸೇರಿಸಿ ಹೇಳಿ.

ಆ ದಿನದ ಸಂಜೆ ಒಂದು ಉಳಿದಿದೆ. ಮನೆಗೆ ಬಂದು ನೀಲಿ ಸೀರೆ ಬಿಚ್ಚಿ ಮಡಿಸಿಟ್ಟೆ. ತಾಂಬೊರಿಂ ಗೂಡಿನಲ್ಲಿತ್ತು, ಅದನ್ನು ಚರ್ಮದ ಮುಖ ಕೆಳಗೆ ಮಾಡಿ, ಮೇಲೊಂದು ಅಕ್ಕಿ ಡಬ್ಬಿ ಇಟ್ಟೆ. ನಮ್ಮವರು ಹೇಗಾಯಿತು ಎಂದು ಕೇಳಿದರು. "ಸಾಹೇಬ್ರು ಅಕ್ಷರ ಛಲೋ ಅದಾವ ಅಂದ್ರು," ಎಂದೆ. ದೀಪ ಹಚ್ಚಿದೆ. ದಿನಾ ಕೂರುವ ಹೊತ್ತಿಗೆ ಕಟ್ಟೆಗೆ ಬಂದು, ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತೆ.

ಜುಬೇದಾಬಿ ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಬಂದಳು. ಹೆಗಲ ಮೇಲೆ ಕಾಸೀಮನ ಅಂಗಿ ಹಾಕಿಕೊಂಡು, ಹಗ್ಗದ ಕಡೆ ನೋಡುತ್ತಲೇ ಹೇಳಿದಳು:

"ಏನ್ರಿ ಬಾಯಾರ, ಇವತ್ತ ನಿಮ್ಮ ಡಬ್ಬಿ ಸಪ್ಪಳನ ಇಲ್ಲಲ್ರಿ? ನನ್ನ ಕಿವೀನ ಕೆಟ್ಟೂವೇನೋ ಅನಕೊಂಡೆ."